ಜಮಾದಾರರ ಮೂಗು ಮತ್ತು ನಾಲಿಗೆ

ಜಮಾದಾರರು ಕಿವಿಯಲ್ಲಿ ಅತ್ತರಿನ ಹತ್ತಿ ಇಲ್ಲದೆ ಕಚೇರಿಗೆ ಬಂದರೆ ಆ ದಿನ ಕಳ್ಳಭಟ್ಟಿಗಳ ಮೇಲೆ ದಾಳಿ ಇದೆ ಎಂದೇ ಅರ್ಥ. ಇದನ್ನು ಮೊದಲು ಕಂಡುಕೊಂಡವನು ನಾನಲ್ಲ, ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರ ಚಹಾ ಮಾರುತ್ತಿದ್ದವನು. ಅವನಿಂದ ಮಾನ್ವಿಯ ಬಸ್ಸಿನವರಿಗೆ, ಬಸ್ಸಿನವರಿಂದ ಊರೂರಿಗೆ ಸುದ್ದಿ ಹೋಗಿ, ನಾವು ಜೀಪಿನಲ್ಲಿ ಧೂಳೆಬ್ಬಿಸಿಕೊಂಡು ತಲುಪುವ ಹೊತ್ತಿಗೆ ಹಳ್ಳದ ದಂಡೆಯಲ್ಲಿ ಬಿಸಿ ಬೂದಿಯೊಂದನ್ನು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಮೂರು ಸಲ ಹೀಗಾದ ಮೇಲೆ ಜಮಾದಾರರು ತಾವೇ ಕಾರಣ ಪತ್ತೆ ಹಚ್ಚಿ ಜೋರಾಗಿ ನಕ್ಕರು.

"ಅರೆ ಸಾಹೇಬ್ರ, ಚಾಡಿ ಹೇಳಾವ ನನ್ನ ಕಿವ್ಯಾಗ ಕುಂತಾನ!"

ಅಂದಿನಿಂದ ದಿನವೂ ಅತ್ತರು ಹಚ್ಚಿಕೊಂಡೇ ಬರತೊಡಗಿದರು. ಊರು ದಾಟಿದ ಮೇಲೆ ಯಾವುದಾದರೂ ಬಾವಿಯ ಹತ್ತಿರ ಜೀಪು ನಿಲ್ಲಿಸಿ, ಹತ್ತಿಯನ್ನು ಕಡ್ಡಿಪೆಟ್ಟಿಗೆಯಲ್ಲಿಟ್ಟು, ಸಾಬೂನಿನಿಂದ ಕಿವಿ ಮುಖ ತೊಳೆದು, "ಈಗ ಮೂಗು ತೆರೀತು, ನಡೀರಿ" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಬಕಾರಿ ಸಬ್ ಇನ್‌ಸ್ಪೆಕ್ಟರ್ ಆಗಿ ರಾಯಚೂರಿಗೆ ಬಂದಾಗ ಅವರಿಗೆ ಐವತ್ತು ದಾಟಿತ್ತು. ನಿಜಾಮನ ಕಾಲದಲ್ಲಿ ಹುಡುಗನಾಗಿ ಪೇದೆ ಕೆಲಸಕ್ಕೆ ಸೇರಿ, ರಾಜ್ಯಗಳು ಒಂದಾದ ಮೇಲೆ ಕನ್ನಡದ ಪರೀಕ್ಷೆ ಕಟ್ಟಿ ಪಾಸಾಗಿ, ನಾಲ್ವರು ಪೇದೆಗಳ ಮೇಲಿನ ಜಮಾದಾರರಾಗಿದ್ದರು. ಎತ್ತರದ ಆಳು. ಕನ್ನಡ ಬರೆಯುವಾಗ ಒಂದೊಂದು ಅಕ್ಷರವನ್ನೂ ಬೇರೆ ಬೇರೆ ಕೂರಿಸುತ್ತಿದ್ದರು, ಎಲ್ಲಿ ಒಂದಕ್ಕೊಂದು ತಾಗಿ ಜಗಳವಾಡುತ್ತವೋ ಎಂಬಂತೆ. ಐದು ಹೊತ್ತಿನ ನಮಾಜು ತಪ್ಪಿಸಿದವರಲ್ಲ. ನಾವು ತಿರುಗುತ್ತಿದ್ದುದೆಲ್ಲ ಸಾರಾಯಿ ಗೋದಾಮು, ಸೇಂದಿ ಅಂಗಡಿ, ಕಳ್ಳಭಟ್ಟಿಗಳ ನಡುವೆಯೇ. ಆದರೆ ಅವರು ಹನಿ ಕುಡಿದವರಲ್ಲ ಎಂದು ಇಡೀ ಕಚೇರಿಗೆ ಗೊತ್ತಿತ್ತು.

ನಾನು ಗದಗಿನವನು. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದೆ, ಅದರ ಜಂಬವೂ ಇತ್ತು. ಸಾರಾಯಿಯ ಕಸುವು ಅಳೆಯುವ ಗಾಜಿನ ಹೈಡ್ರೋಮೀಟರನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಜೀಪಿನಲ್ಲಿ ಕೂರುತ್ತಿದ್ದೆ. ಒಮ್ಮೆ ಮಾನ್ವಿಯಲ್ಲಿ ಜಪ್ತಿಯಾದ ಐದು ಸೀಸೆಗಳನ್ನು ಸಾಲಾಗಿಟ್ಟು, ಯಾವುದು ಹೆಚ್ಚು ಯಾವುದು ಕಡಿಮೆ ಎಂದು ಅವರನ್ನು ಕೇಳಿದೆ. ಅಂಗೈ ಮೇಲೆ ಒಂದೊಂದು ಹನಿ ಹಾಕಿಕೊಂಡು, ಉಜ್ಜಿ, ಮೂಸಿ ನೋಡಿ ಸೀಸೆಗಳ ಜಾಗ ಬದಲಿಸಿಟ್ಟರು. ನನ್ನ ಮೀಟರು ಅದೇ ಸಾಲನ್ನೇ ಹೇಳಿತು. ನಾನು ಬೆರಗಾಗಿ ನೋಡುತ್ತಿದ್ದಾಗ ಅವರು ಕೈ ತೊಳೆದುಕೊಳ್ಳುತ್ತ ಅಂದರು:

"ನಿಮ್ಮ ಕಡ್ಡಿ ಎಷ್ಟದ ಅಂತ ಹೇಳ್ತದ ಸಾಹೇಬ್ರ. ಎಂಥಾದ್ದು ಅಂತ ಹೇಳಲ್ಲ."

ಎಂಥದ್ದು ಎಂಬುದು ಅವರಿಗೆ ಎಷ್ಟರಮಟ್ಟಿಗೆ ತಿಳಿಯುತ್ತಿತ್ತೆಂದರೆ, ಮಾನ್ವಿ ಕಡೆಯ ಒಂದು ಹಳ್ಳಿಯಲ್ಲಿ ಸಿಕ್ಕ ಗಡಿಗೆಯನ್ನು ಮೂಸಿ, ಮನೆಯ ಮುಂದೆ ಅಳುತ್ತ ನಿಂತಿದ್ದ ಮುದುಕಿಗೆ, "ಇದು ನಿನ್ನ ಕೈಲಿ ಆದದ್ದಲ್ಲವ್ವಾ. ಸೊಸಿ ಮಾಡ್ಯಾಳ. ಬೆಲ್ಲ ಸುರದಾಳ, ಜಾಲಿ ಚಕ್ಕಿ ಕಡಿಮಿ ಮಾಡ್ಯಾಳ" ಎಂದರು. ಮುದುಕಿ ಅಳು ನಿಲ್ಲಿಸಿ, "ನನಗ ಜ್ವರ ಬಂದಿತ್ತೋ ಯಪ್ಪಾ, ಬ್ಯಾಡ ಅಂದ್ರೂ ಕೇಳಲಿಲ್ಲ ಆಕಿ" ಎಂದು ಸೊಸೆಯನ್ನು ಬೈಯತೊಡಗಿದಳು. ಪಂಚನಾಮೆ ಬರೆಯುತ್ತಿದ್ದ ನಾನೂ ನಕ್ಕೆ.

ಗಡಿಗೆ ಒಡೆಯುವ ಕೆಲಸ ಅವರಿಗೆ ಇಷ್ಟವಿರಲಿಲ್ಲ. ಹುಳಿ ಬಂದ ಬೆಲ್ಲದ ಕೊಳೆಯನ್ನು ಮೊದಲು ಮಣ್ಣಿಗೆ ಚೆಲ್ಲಿ, ಗಡಿಗೆಯನ್ನು ಮಗ್ಗುಲಿಗೆ ಮಲಗಿಸಿ, ಮುಖ ತಿರುಗಿಸಿಕೊಂಡು ಹಿಮ್ಮಡಿಯಿಂದ ಒಂದೇ ಏಟು ಹಾಕುತ್ತಿದ್ದರು. ಜೋಶಿನಲ್ಲಿದ್ದ ಪೇದೆಗಳು ಕೈಗೆ ಸಿಕ್ಕದ್ದನ್ನೆಲ್ಲ ಒಡೆಯಲು ಹೋದರೆ ಗದರುತ್ತಿದ್ದರು: "ಅದು ಅನ್ನದ ಗಡಿಗಿ ಲೇ. ಅದಕ್ಕ ಕೈ ಹಚ್ಚಬ್ಯಾಡ." ಅನ್ನದ ಗಡಿಗೆ ಯಾವುದು, ಭಟ್ಟಿಯ ಗಡಿಗೆ ಯಾವುದು ಎಂಬುದನ್ನೂ ಮೂಗೇ ಹೇಳುತ್ತಿತ್ತು.

ಮೂರು ವರ್ಷ ನಾವು ಹೀಗೆ ತಿರುಗಿದೆವು. ಮಾನ್ವಿ, ಕವಿತಾಳ, ದೇವದುರ್ಗ, ಕೃಷ್ಣೆಯ ದಂಡೆ. ಅವರ ಮೂಗಿಗೆ ತಪ್ಪಿದ ಭಟ್ಟಿಯೇ ಇಲ್ಲ ಎಂದು ನಾನು ಮೇಲಧಿಕಾರಿಗೆ ಹೆಮ್ಮೆಯಿಂದ ಹೇಳುತ್ತಿದ್ದೆ.

ಒಂದು ಭಟ್ಟಿ ತಪ್ಪಿತ್ತು. ಅದು ಗೊತ್ತಾದದ್ದು ಒಂದು ಅನಾಮಧೇಯ ಅರ್ಜಿಯಿಂದ. ದೇವದುರ್ಗದಿಂದ ಐದಾರು ಮೈಲಿಯ ಒಂದು ಊರಿನ ಹಳ್ಳದಲ್ಲಿ ಒಬ್ಬ ಹೆಂಗಸು ವರ್ಷಗಟ್ಟಲೆ ಭಟ್ಟಿ ನಡೆಸುತ್ತಿದ್ದಾಳೆ, ನಿಮ್ಮ ಜಮಾದಾರನಿಗೆ ಎಲ್ಲ ಗೊತ್ತು, ಬೇಕೆಂದೇ ಬಿಟ್ಟಿದ್ದಾನೆ ಎಂದು ಅದರಲ್ಲಿತ್ತು. ಅವರನ್ನು ಕರೆಸಿ ಕೇಳಿದೆ. ಅವರು ಅಲ್ಲಗಳೆಯುತ್ತಾರೆ ಎಂದುಕೊಂಡಿದ್ದೆ.

"ಹೌದ್ರಿ" ಎಂದರು. "ಆರು ವರ್ಷದಿಂದ ಗೊತ್ತದ."

"ಎಷ್ಟು ತಿಂದೀರಿ?"

ಈ ಮಾತು ಕೇಳಿ ಅವರ ಮುಖ ಕಪ್ಪಿಟ್ಟಿತು. ಆದರೆ ದನಿ ಏರಲಿಲ್ಲ. "ಆಕಿ ಗಂಡ ಎಲ್ಲೋ ಕೆಟ್ಟ ಸರಕು ಕುಡದು ಸತ್ತಾನ್ರಿ. ಅದಕ್ಕ ಆಕಿ ತಾನ ಭಟ್ಟಿ ಹಚ್ಚಿದಳು, ಊರ ಗಂಡಸರು ಕುಡದ್ರೂ ಸಾಯಬಾರದು ಅಂತ. ಮೊದಲಿಗಿ ಇಳಿದ ಬಟ್ಟಲದಾಗ ವಿಷ ಇರ್ತದ, ಅದನ್ನ ಮಣ್ಣಿಗಿ ಚೆಲ್ತಾಳ. ಒಬ್ಬೊಬ್ಬಗ ಎರಡು ಗ್ಲಾಸಿನ ಮ್ಯಾಲ ಹಾಕಲ್ಲ. ಆಕಿನ್ನ ಮುಚ್ಚಿದ್ರ ಕುಡಿಯೋರು ನಿಲ್ಲಂಗಿಲ್ಲ ಸಾಹೇಬ್ರ. ಮತ್ತೊಬ್ಬ ಬರ್ತಾನ. ಅವ ಏನು ಹಾಕ್ತಾನೋ ನಾ ಹೇಳಲಾರೆ."

ಮೂರು ವರ್ಷ ನನಗೆ ಮೋಸ ಮಾಡಿದರು ಎಂಬ ಸಿಟ್ಟಿನಲ್ಲಿ ನನಗೆ ಬೇರೇನೂ ಕೇಳಿಸಲಿಲ್ಲ. ಲಿಖಿತ ಸಮಜಾಯಿಷಿ ಕೇಳಿ ಅಲ್ಲೇ ಮೆಮೊ ಕೊಟ್ಟೆ. ಅವರು ವರಾಂಡದಲ್ಲಿ ಕುಳಿತು ಬರೆದು ತಂದರು. ಬಿಡಿಬಿಡಿ ಅಕ್ಷರಗಳಲ್ಲಿ ಅರ್ಧ ಪುಟ. ಬಾಯಲ್ಲಿ ಹೇಳಿದ್ದನ್ನೇ ಬರೆದಿದ್ದರು. ಕೊನೆಯಲ್ಲಿ, 'ಈಕೆಯ ಭಟ್ಟಿ ಮುಚ್ಚಿದರೆ ಆ ಊರಿಗೆ ವಿಷದ ಸರಕು ಬರುವ ಸಂಭವ ಉಂಟು, ಸಾಹೇಬರು ವಿಚಾರ ಮಾಡಬೇಕು' ಎಂದಿತ್ತು. ಕಡತಕ್ಕೆ ಸೇರಿಸಿದೆ. ಮರುದಿನ ಬೆಳಿಗ್ಗೆಯೇ ದಾಳಿ ಎಂದು ಹೇಳಿ, "ನೀವೇ ದಾರಿ ತೋರಿಸಬೇಕು" ಎಂದೆ.

ಅವರು ತೋರಿಸಿದರು. ಜೀಪು ಹೋಗುವಷ್ಟು ದೂರ ಹೋಗಿ, ಮುಂದೆ ಜಾಲಿಯ ಪೊದೆಗಳ ನಡುವೆ ನಡೆದೆವು. ಆ ದಿನ ಅವರು ಕಿವಿ ತೊಳೆದುಕೊಳ್ಳಲಿಲ್ಲ. ಬೇಕಾಗಿರಲಿಲ್ಲ. ನಲವತ್ತರ ಆಸುಪಾಸಿನ, ಸೊಂಟಕ್ಕೆ ಸೆರಗು ಬಿಗಿದ ಹೆಣ್ಣುಮಗಳು ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದಳು. ನಮ್ಮನ್ನು ನೋಡಿ ಓಡಲಿಲ್ಲ. ನನ್ನನ್ನು ಆಕೆ ನೋಡಲೇ ಇಲ್ಲ.

"ಅಣ್ಣಾ, ನೀನ ಕರಕೊಂಡು ಬಂದ್ಯಾ?"

"ಹೌದವ್ವಾ, ನಾನ."

ಆಕೆ ಇನ್ನೇನೂ ಕೇಳದೆ ಒಲೆಗೆ ನೀರು ಸುರಿದಳು. ಗಡಿಗೆಗಳನ್ನು ಅವರು ಒಡೆಯಲಿಲ್ಲ, ಪೇದೆಗಳು ಒಡೆದರು. ಕೋರ್ಟಿನಲ್ಲಿ ಆಕೆಗೆ ಎರಡು ತಿಂಗಳ ಸಜೆಯಾಯಿತು. ರಾಯಚೂರಿನ ಜೈಲಿನಲ್ಲಿದ್ದಷ್ಟು ದಿನವೂ ಜಮಾದಾರರ ಮನೆಯಿಂದ ಆಕೆಗೆ ವಾರಕ್ಕೊಮ್ಮೆ ರೊಟ್ಟಿ ಪಲ್ಯ ಹೋಗುತ್ತಿತ್ತು ಎಂದು ಆಮೇಲೆ ಕೇಳಿದೆ. ನನಗೆ ಆ ತಿಂಗಳು ಮೇಲಧಿಕಾರಿಯಿಂದ ಶಹಬ್ಬಾಸ್ ಸಿಕ್ಕಿತು.

ಆಕೆ ಬಿಡುಗಡೆಯಾಗಿ ಊರಿಗೆ ಹೋದ ವಾರದಲ್ಲೇ ಆ ಊರಿನ ನಾಲ್ವರು ಸತ್ತರು. ಐದನೆಯವನು ಕಲ್ಲು ಒಡೆಯುವ ಕೆಲಸದವನು, ಬದುಕಿದ, ಆದರೆ ಕಣ್ಣು ಹೋದವು. ನಾವು ಹೋದಾಗ ಅವನು ಕಟ್ಟೆಯ ಮೇಲೆ ಕುಳಿತು, ಬಂದವರೆಲ್ಲರ ಮುಖ ಸವರಿ ಸವರಿ ಯಾರೆಂದು ಕೇಳುತ್ತಿದ್ದ. ಕುಡಿದದ್ದು ಎಲ್ಲಿ ಎಂದು ಯಾರೂ ಬಾಯಿ ಬಿಡಲಿಲ್ಲ. ಅರ್ಜಿ ಬರೆದವನೇ ಸರಕೂ ತಂದಿದ್ದ ಎಂಬುದು ತಿಂಗಳುಗಳ ಮೇಲೆ ಗೊತ್ತಾದ ವಿಷಯ. ಅಂದು ಜನ ಅವನಿಗೆ ಹೆದರಿದ್ದರು. ಒಂದು ಹಿತ್ತಲಿನ ಹುಲ್ಲಿನ ಬಣವೆಯಲ್ಲಿ ಅರ್ಧ ತುಂಬಿದ ತಗಡಿನ ಡಬ್ಬವೊಂದನ್ನು ಜಮಾದಾರರು ಹುಡುಕಿ ತಂದರು. ಮುಚ್ಚಳ ತೆಗೆದು ಒಮ್ಮೆ ಮೂಸಿ, ಪಕ್ಕಕ್ಕೆ ತಿರುಗಿ ಕೆಮ್ಮಿದರು.

"ಪಾಲಿಶ್ ಮಾಡೋ ಸ್ಪಿರಿಟ್. ನೀರು ಕೂಡಿಸ್ಯಾರ, ಸಕ್ಕರಿ ಹಾಕ್ಯಾರ."

ಮಧ್ಯಾಹ್ನ ದೇವದುರ್ಗದ ಪ್ರವಾಸಿ ಮಂದಿರಕ್ಕೆ ಮೇಲಧಿಕಾರಿ ಬಂದು ಇಳಿದರು. ಅವರಿಗೆ ಬೆಂಗಳೂರಿಗೆ ಬೇಗ ವರದಿ ಹೋಗಬೇಕಿತ್ತು. "ಅದೇ ಹೆಂಗಸು ಹೊರಗೆ ಬಂದು ಮತ್ತೆ ಭಟ್ಟಿ ಹಾಕಿದ್ದಾಳೆ. ಹಾಗೇ ಬರೀರಿ" ಎಂದರು. ಡಬ್ಬದ ಮಾತು ತೆಗೆದೆ. "ಡಬ್ಬ ಯಾರದಾದರೂ ಆಗಬಹುದು. ಸರಕು ಆಕೆಯದು" ಎಂದು ಮುಗಿಸಿದರು. ನಾನು ಬರೆದೆ. ಬರೆದು ಸಹಿಗೆ ಜಮಾದಾರರ ಮುಂದಿಟ್ಟೆ. ಅವರು ಎರಡು ಸಲ ಓದಿ ಪೆನ್ನಿನ ಮುಚ್ಚಳ ಹಾಕಿದರು.

"ಆಕಿ ಒಲಿಯಾಗ ಇರುವಿ ಗೂಡು ಕಟ್ಟ್ಯಾವ್ರಿ. ನಾ ಹೋಗಿ ನೋಡಿ ಬಂದೀನಿ. ಇದಕ್ಕ ಸಹಿ ಮಾಡಂಗಿಲ್ಲ."

ಅಂದು ಸಂಜೆ ಮೇಲಧಿಕಾರಿ ನನ್ನೊಬ್ಬನನ್ನೇ ಕರೆದು, ಜಮಾದಾರನ ಮೆಮೊ ಕಡತದಲ್ಲಿ ಏನಿದೆ ಎಂದು ಕೇಳಿದರು. ಹೇಳಿದೆ. ಜಮಾದಾರ ಮೊದಲೇ ಎಚ್ಚರಿಸಿದ್ದರೂ ಭಟ್ಟಿ ಏಕೆ ಮುಚ್ಚಿಸಿದಿರಿ ಎಂದು ನಾಳೆ ಕೇಳಿದರೆ ಉತ್ತರ ಕೊಡಬೇಕಾದವರು ನೀವು, ನಾನಲ್ಲ ಎಂದರು. ಅಷ್ಟೇ. ತೆಗೆ ಎಂದು ಹೇಳಲಿಲ್ಲ. ತೆಗೆದವನು ನಾನೇ. ರಾಯಚೂರಿಗೆ ಮರಳಿ, ಆ ಅರ್ಧ ಪುಟವನ್ನೂ ನನ್ನ ಮೆಮೊದ ನಕಲನ್ನೂ ಕಡತದಿಂದ ಬಿಚ್ಚಿ ಮನೆಗೆ ತಂದು ಟ್ರಂಕಿನ ತಳದಲ್ಲಿಟ್ಟೆ. ಹರಿದುಹಾಕುವ ಧೈರ್ಯವೂ ಬರಲಿಲ್ಲ.

ವಿಚಾರಣೆ ನಡೆದದ್ದು ದೇವದುರ್ಗದಲ್ಲಿ. ಹೊರಗಿನಿಂದ ಬಂದ ಹಿರಿಯ ಅಧಿಕಾರಿಯೊಬ್ಬರು ಮೇಜಿನ ಹಿಂದೆ ಕುಳಿತಿದ್ದರು. ಕಿಟಕಿ ಬಾಗಿಲುಗಳ ತುಂಬ ಜನ. ಆ ಹೆಣ್ಣುಮಗಳು ಮೂಲೆಯಲ್ಲಿ ನೆಲದ ಮೇಲೆ ಕುಳಿತಿದ್ದಳು. ಊರಿನವರಲ್ಲಿ ಒಬ್ಬನೂ ಆಕೆಯ ಪರವಾಗಿ ಎದ್ದು ನಿಲ್ಲಲಿಲ್ಲ. ಜಮಾದಾರರ ಸರದಿ ಬಂದಾಗ ಅವರು ಡಬ್ಬದ ವಿಷಯ, ಒಲೆಯ ವಿಷಯ ಹೇಳಿ, ಆಕೆಯ ಸರಕಿನಲ್ಲಿ ವಿಷ ಇರಲು ಸಾಧ್ಯವಿಲ್ಲ ಎಂದರು.

"ನಿಮಗೆ ಹೇಗೆ ಗೊತ್ತು?"

"ಆರು ವರ್ಷ ಪ್ರತಿ ತಿಂಗಳಾ ಹೋಗಿ ನೋಡೀನ್ರಿ."

"ಅಂದರೆ ಗೊತ್ತಿದ್ದೂ ಕೇಸು ಹಾಕಲಿಲ್ಲ?"

"ಹಾಕಲಿಲ್ರಿ."

"ನೋಡಿದರೆ ಗೊತ್ತಾಗುತ್ತದೆಯೇ ವಿಷ ಇಲ್ಲ ಅಂತ?"

ಬಾಗಿಲಲ್ಲಿ ರಾಯಚೂರಿನಿಂದ ಬಂದ ಅವರ ಪರಿಚಯದ ಹಿರಿಯರು ಕೆಲವರು ನಿಂತಿದ್ದರು, ಮಸೀದಿಯಲ್ಲಿ ಅವರ ಜೊತೆ ಒಂದೇ ಸಾಲಿನಲ್ಲಿ ನಮಾಜಿಗೆ ನಿಲ್ಲುವವರು. ಜಮಾದಾರರು ಅವರ ಕಡೆ ಒಮ್ಮೆ ನೋಡಿ, ಮೇಜಿನ ಕಡೆ ತಿರುಗಿದರು.

"ಬರೀ ನೋಡಿಲ್ರಿ. ಕುಡದೀನಿ. ತಿಂಗಳಿಗೊಂದು ಸಲ, ಒಂದು ಗುಟುಕು. ಮೂಗು ಒಮ್ಮೊಮ್ಮೆ ಮೋಸ ಹೋಗ್ತದ. ಊರ ಮಂದಿಗಿ ಕುಡಿಯಾಕ ನಾ ಬಿಟ್ಟೀನಿ ಅಂದ ಮ್ಯಾಲ, ಮೊದಲು ನಾ ಕುಡದು ನೋಡಬೇಕಲ್ರಿ."

ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದರು. ಮೂಲೆಯಲ್ಲಿದ್ದ ಹೆಣ್ಣುಮಗಳು ಸೆರಗು ಬಾಯಿಗೊತ್ತಿ ಅಳತೊಡಗಿದಳು. ಅದುವರೆಗೆ ಆಕೆ ಅತ್ತಿರಲಿಲ್ಲ.

ಅಧಿಕಾರಿ ಡಬ್ಬವನ್ನು ಪರೀಕ್ಷೆಗೆ ಕಳಿಸಲು ಆಜ್ಞೆ ಮಾಡಿದರು. ಆಮೇಲೆ, "ಇದನ್ನೆಲ್ಲ ನಿಮ್ಮ ಮೇಲಿನವರಿಗೆ ತಿಳಿಸಿದ್ದಿರಾ?" ಎಂದು ಕೇಳಿದರು.

"ಬರದು ಕೊಟ್ಟೀನ್ರಿ. ನಮ್ಮ ಸಾಹೇಬ್ರ ಹತ್ರ ಅದ."

ಕಡತ ತಿರುವಿದರು. ಇರಲಿಲ್ಲ. ನನ್ನನ್ನು ಕೇಳಿದರು.

"ಅಂಥ ಕಾಗದ ಬಂದ ನೆನಪಿಲ್ಲ ಸರ್" ಎಂದೆ.

ಜಮಾದಾರರು ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಟೋಪಿ ಸರಿಪಡಿಸಿಕೊಂಡು, ಸಲಾಮು ಹೊಡೆದು ಹೊರಗೆ ಹೋದರು.

ಪರೀಕ್ಷೆಯ ವರದಿ ಅವರ ಮೂಗು ಹೇಳಿದ್ದನ್ನೇ ಹೇಳಿತು. ಆ ಹೆಣ್ಣುಮಗಳ ಮೇಲೆ ಕೇಸು ಆಗಲಿಲ್ಲ. ಸ್ಪಿರಿಟ್ ತಂದವನು ಕೊನೆಗೆ ಸಿಕ್ಕಿಬಿದ್ದ. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿದ್ದಾಗ ಜಮಾದಾರರನ್ನು ಕರ್ತವ್ಯಲೋಪಕ್ಕಾಗಿ ಕೆಲಸದಿಂದ ತೆಗೆದರು, ಪಿಂಚಣಿಯಿಲ್ಲದೆ. ತಿಳಿಸಿದ್ದೆ ಎಂಬ ಹೇಳಿಕೆಗೆ ಆಧಾರವಿಲ್ಲ ಎಂದು ಆದೇಶದಲ್ಲಿ ಬರೆದಿತ್ತು. ಅದನ್ನು ಟೈಪು ಮಾಡಿಸಿ, ತಪ್ಪು ತಿದ್ದಿ ಕಳಿಸಿದವನು ನಾನು.

ನನಗೆ ವರ್ಗವಾಗಿ, ಮತ್ತೆ ರಾಯಚೂರಿಗೆ ಬರುವ ಹೊತ್ತಿಗೆ ಎಂಬತ್ತರ ದಶಕದ ನಡುಭಾಗ. ಅವರು ಶೇಂಗಾ ಎಣ್ಣೆಯ ಗಿರಣಿಯೊಂದರಲ್ಲಿದ್ದಾರೆಂದು ತಿಳಿಯಿತು. ತಿಂಗಳುಗಟ್ಟಲೆ ಆ ಬೀದಿ ತಪ್ಪಿಸಿ ಓಡಾಡಿ ಕೊನೆಗೊಂದು ಮಧ್ಯಾಹ್ನ ಹೋದೆ. ಗೋಣಿಚೀಲಗಳ ಸಾಲಿನ ಮುಂದೆ ಸಣ್ಣ ಸ್ಟೂಲಿನ ಮೇಲೆ ಕುಳಿತು, ಬೊಗಸೆ ಬೊಗಸೆ ಶೇಂಗಾ ಮೂಸಿ, ಬೂಸಲು ಹತ್ತಿದ್ದನ್ನು ಬೇರೆ ಮಾಡಿಸುತ್ತಿದ್ದರು. ತೆಳ್ಳಗಾಗಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಅದೇ ನನಗೆ ತಾಳಲಾಗಲಿಲ್ಲ.

"ಜಮಾದಾರರೇ, ಆ ಕಾಗದ ನಾನು ತಗದಿದ್ದೆ" ಎಂದೆ.

"ಗೊತ್ರಿ."

"ಇನ್ನೂ ಐತಿ, ನನ್ನ ಹತ್ರ."

ಅದು ಅವರಿಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಶೇಂಗಾ ಚೀಲಕ್ಕೆ ಸುರಿದು ಹತ್ತಿರ ಬಂದರು. "ತರ್ರಿ ಮತ್ತ. ಅರ್ಜಿ ಹಾಕ್ತೀನಿ. ರೊಕ್ಕದ ಮಾತು ಅತ್ಲಾಗಿರ್ಲಿ. ನಾ ಸುಳ್ಳು ಹೇಳೀನಿ ಅಂತ ಸರಕಾರದ ಕಾಗದದಾಗ ಅದಲ್ರಿ. ಅದು ಹೋಗಬೇಕು."

ಬರುವ ಭಾನುವಾರ ತರುತ್ತೇನೆ ಎಂದೆ. ಆ ಭಾನುವಾರ ಹೋಗಲಿಲ್ಲ. ಬಡ್ತಿಯ ಪಟ್ಟಿ ಹೊರಬೀಳುವುದಿತ್ತು. ಪಟ್ಟಿ ಬಂತು, ನನ್ನ ಹೆಸರೂ ಬಂತು. ಕಾಗದ ತೆಗೆದುಕೊಂಡು ಹೋದದ್ದು ಎಂಟು ತಿಂಗಳ ಮೇಲೆ. ಅವರು ಓದಿಕೊಂಡು, ಮಡಚಿ, ಅಂಗಿಯ ಒಳಜೇಬಿನಲ್ಲಿಟ್ಟರು. ಮುಂದಿನ ವಾರ ನಾನೇ ಹೋಗಿ ಏನಾಯಿತೆಂದು ಕೇಳಿದೆ.

"ತಡ ಆಗೇದ ಅಂದ್ರು ವಕೀಲ್ರು." ಶೇಂಗಾದ ಮೇಲಿನ ಕಣ್ಣು ತೆಗೆಯದೆ ಹೇಳಿದರು. "ಇಷ್ಟು ದಿನ ಈ ಕಾಗದ ಯಾರ ಹತ್ರ ಇತ್ತೋ, ಅವರು ಹಂಗಂತ ಬರದುಕೊಟ್ರ ಇನ್ನೂ ದಾರಿ ಅದ ಅಂತ."

"ನೋಡೋಣ" ಎಂದೆ ನಾನು.

ಅವರು ತಲೆಯಾಡಿಸಿದರು. ಮತ್ತೆಂದೂ ಆ ವಿಷಯ ಎತ್ತಲಿಲ್ಲ. ನಾನೂ ಆ ಬೀದಿಗೆ ಹೋಗುವುದು ಕಡಿಮೆಯಾಗಿ, ನಿಂತೇ ಹೋಯಿತು. ಬರೆದುಕೊಡಬೇಕಿದ್ದ ಮಾತು ಎರಡು ಸಾಲಿನದು. ಅದನ್ನು ಈಗ, ನನ್ನ ಪಿಂಚಣಿ ಭದ್ರವಾದ ಮೇಲೆ, ಇಷ್ಟುದ್ದ ಬರೆಯುತ್ತಿದ್ದೇನೆ.

ಅವರು ತೀರಿಕೊಂಡದ್ದು ಗೊತ್ತಾದದ್ದು ದೇವದುರ್ಗದ ಬಸ್ ನಿಲ್ದಾಣದಲ್ಲಿ. ನಾನಿನ್ನೂ ನೌಕರಿಯಲ್ಲಿದ್ದೆ. ಕಚೇರಿಯ ಕೆಲಸಕ್ಕೆ ಹೋಗಿದ್ದವನು ರಾಯಚೂರಿನ ಬಸ್ಸಿಗೆ ಕಾಯುತ್ತ ಮಿರ್ಚಿ ಭಜಿಯ ಗಾಡಿಯ ಮುಂದೆ ನಿಂತೆ. ಕರಿಯುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿದಳು. ಹಳ್ಳದ ಭಟ್ಟಿಯ ಆ ಹೆಣ್ಣುಮಗಳು. ಕೂದಲು ಬೆಳ್ಳಗಾಗಿತ್ತು, ಆದರೂ ಗುರುತು ಹತ್ತಿತು. ಆಕೆಗೂ ಹತ್ತಿತು.

"ಜಮಾದಾರಣ್ಣ ಹೋದ್ರು, ಗೊತ್ತೇನ್ರಿ? ತಿಂಗಳಾತು."

ಗೊತ್ತಿಲ್ಲ ಎಂದು ತಲೆಯಾಡಿಸಿದೆ.

"ನಾ ಹೋಗಿದ್ದೆ ರಾಯಚೂರಿಗಿ. ಹೆಣ್ಣಮಕ್ಕಳು ಮಣ್ಣಿಗಿ ಬರಂಗಿಲ್ಲ ಅಂದ್ರು. ರಸ್ತಿ ಮ್ಯಾಲ ನಿಂತು ನೋಡಿದೆ. ಮಂದಿ ಬಾಳ ಇದ್ರು. ಅವತ್ತು ಬಾಗಿಲದಾಗಿಂದ ಸರದು ಹೋಗಿದ್ರಲ್ಲ, ಅವರೂ ಹೆಗಲು ಕೊಟ್ರು." ಜಾಲರಿ ಸೌಟಿನಿಂದ ಎಣ್ಣೆ ಸೋಸಿ, ಭಜಿಗಳನ್ನು ಕಾಗದದ ಮೇಲೆ ಹಾಕಿದಳು. "ನಿಮ್ಮನ್ನ ಹುಡುಕಿದೆ. ಕಾಣಲಿಲ್ಲ."

"ನನಗ ಗೊತ್ತ ಆಗಲಿಲ್ಲವ್ವಾ."

"ಗೊತ್ತಾಗಿದ್ರ ಬರ್ತಿದ್ರೇನು?"

ಬರುತ್ತಿದ್ದೆ ಎನ್ನಲು ಬಾಯಿ ತೆರೆದೆ. ಆಕೆ ಉತ್ತರಕ್ಕೆ ಕಾಯದೆ ಆಗಲೇ ಬಾಣಲೆಯ ಕಡೆ ತಿರುಗಿದ್ದಳು.